ಚೌಕದ ಮುಡಿಪು

ನನ್ನ ಅಂಚೆ ಉಳಿತಾಯದ ಪುಸ್ತಕದ ಬಲ ಮೂಲೆ ಹಳದಿ. ಉಗುರಿನಷ್ಟೇ ಅಗಲ. ಅಂಚಿನಲ್ಲಿ ಗಾಢವಾಗಿ, ಒಳಕ್ಕೆ ಬಂದಂತೆ ತಿಳಿಯಾಗಿದೆ. ಕಳೆದ ವಾರ ಮೈಸೂರಿನ ಅಂಚೆ ಕಚೇರಿಯಲ್ಲಿ ಕಿಟಕಿಯಾಚೆಯ ಗುಮಾಸ್ತರು ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಸಾರು ಚೆಲ್ಲಿದಿರಾ?" ಎಂದು ಕೇಳಿದರು. ಇಲ್ಲ ಎಂದಷ್ಟೇ ಹೇಳಿದೆ. ಅರಿಶಿನ ಎಂದಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ನನ್ನ ಹಿಂದೆ ಸಾಲು ಉದ್ದವಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಆ ಮೂಲೆಯನ್ನು ಮೂಸಿದೆ. ಆರು ವರ್ಷವಾದರೂ ವಾಸನೆ ಇನ್ನೂ ಎಲ್ಲೋ ಇತ್ತು.

ಯುದ್ಧ ಮುಗಿದ ಮರುವರ್ಷ ನಾನು ಕೊಳ್ಳೇಗಾಲಕ್ಕೆ ಹೋದೆ. ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿದಿತ್ತು, ವಯಸ್ಸು ಇಪ್ಪತ್ತೆರಡು. ಸೈನಿಕರ ಕುಟುಂಬಗಳ ಕ್ಷೇಮ ನೋಡಿಕೊಳ್ಳಲೆಂದು ಒಂದು ತಾತ್ಕಾಲಿಕ ಕಚೇರಿ ತೆರೆದಿದ್ದರು. ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಹೋದವರ ಹೆಂಡಿರನ್ನೂ ತಾಯಂದಿರನ್ನೂ ಶಾಲೆಯ ಜಗಲಿಯಲ್ಲಿ ಕೂರಿಸಿ ಹಣದ ವಿಷಯ ಹೇಳಿಕೊಡುವುದು ನನ್ನ ಕೆಲಸ. ರುಜು ಹಾಕುವುದು, ಮನಿಯಾರ್ಡರ್ ಎಣಿಸಿ ತೆಗೆದುಕೊಳ್ಳುವುದು, ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿ ಖಾತೆ ತೆರೆಯುವುದು. ಗಂಡ ಪಲ್ಟನ್ನಿನಲ್ಲಿ ಒಂದು ಫಾರಂ ತುಂಬಿಕೊಟ್ಟರೆ ಸಂಬಳದ ಒಂದು ಭಾಗ ಮಾವನ ಹೆಸರಿಗೆ ಬರುವ ಬದಲು ಹೆಂಡತಿಯ ಹೆಸರಿಗೇ ಬರುತ್ತದೆ ಎಂದು ತಿಳಿಸುವುದು ಕೂಡ. ಈ ಕೊನೆಯದನ್ನು ಮೆಲ್ಲಗೆ ಹೇಳಿ ಎಂದು ಮೇಲಿನವರು ಸೂಚಿಸಿದ್ದರು.

ಪೇಟೆಯಲ್ಲಿ ರೇಷ್ಮೆ ನೇಯುವವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೆಳಗಿನ ಐದಕ್ಕೇ ಮಗ್ಗದ ಸದ್ದು ಶುರುವಾಗುತ್ತಿತ್ತು. ಒಂದು ವಾರದಲ್ಲಿ ಅದಿಲ್ಲದೆ ಎಚ್ಚರವೇ ಆಗದಂತಾಯಿತು. ಸಂಬಳ ಬಂದಾಗ ಊಟಕ್ಕೂ ಬಾಡಿಗೆಗೂ ಇಟ್ಟುಕೊಂಡು ಉಳಿದದ್ದನ್ನು ಅಪ್ಪನಿಗೆ ಮನಿಯಾರ್ಡರ್ ಮಾಡುತ್ತಿದ್ದೆ. ಅಪ್ಪ ಕೇಳಿರಲಿಲ್ಲ. ಕಳಿಸದೆಯೂ ಇರಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ನಾನು ಹೋದದ್ದು ಆಷಾಢದಲ್ಲಿ. ಮಳೆಗಾಲವೆಂದು ಮೈಸೂರಿನಿಂದ ಕೊಡೆ ಒಯ್ದಿದ್ದೆ. ಅಲ್ಲಿ ಬೀಸುತ್ತಿದ್ದದ್ದು ಗಾಳಿ, ಬರೀ ಗಾಳಿ. ಬಸ್ಸಿಳಿದು ನಡೆಯುವಾಗ ಸೀರೆಯ ಸೆರಗು ಒಂದು ಕೈಗೆ, ಕಾಗದದ ಕಟ್ಟು ಇನ್ನೊಂದು ಕೈಗೆ. ಬಾಯಿ ತೆರೆದರೆ ಕೆಂಪು ಧೂಳು. "ಮಳೆ ಇಲ್ಲಿ ಭಾದ್ರಪದಕ್ಕೆ ಬತ್ತದೆ ಸಾ. ಅಲ್ಲೀಗಂಟ ಕೊಡೆಯ ಕೋಲು ಮಾಡ್ಕಳಿ, ನಾಯಿ ಓಡ್ಸಾಕಾತದೆ" ಎಂದರು ಹವಾಲ್ದಾರ್ ಮುನಿಸ್ವಾಮಿ. ಅವರು ಹೂಗ್ಯಂನವರು, ಸೈನ್ಯದಿಂದ ನಿವೃತ್ತರಾಗಿ ನನ್ನ ಜೊತೆ ಹಳ್ಳಿ ತಿರುಗಲು ನೇಮಕವಾಗಿದ್ದವರು. ಇಪ್ಪತ್ತು ವರ್ಷ ಮೇಲಧಿಕಾರಿಗಳಿಗೆ 'ಸಾ' ಎಂದು ರೂಢಿಯಾಗಿ ನನ್ನನ್ನೂ ಹಾಗೇ ಕರೆಯುತ್ತಿದ್ದರು. ತಿದ್ದಲು ಹೋಗಲಿಲ್ಲ. ಊರು ಬಂದ ಕೂಡಲೇ ಜೇಬಿನಿಂದ ಸೀಟಿ ತೆಗೆದು ಊದುತ್ತಿದ್ದರು. ಹೆಂಗಸರು ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು.

ಶನಿವಾರದ ಪಾಳಿ ಶಾಗ್ಯ ಎಂಬ ಹಳ್ಳಿಯದ್ದು. ಮೊದಲ ದಿನ ನಮಗೆ ಕೊಟ್ಟಿದ್ದ ಅಚ್ಚಿನ ಕರಪತ್ರವನ್ನೇ ಓದಿದೆ. ಅದರಲ್ಲಿ ಒಂದು ಮಾದರಿ ಸಂಸಾರವಿತ್ತು. ಅವರು ಸಂಬಳವನ್ನು ಬಾಡಿಗೆ, ಹಾಲು, ಸೌದೆ, ಮನೋರಂಜನೆ ಎಂದು ಭಾಗ ಮಾಡಿಕೊಳ್ಳುತ್ತಿದ್ದರು.

"ಆಲ್ಗೂ ದುಡ್ ಕೊಟ್ಟಾರಾ?" ಎಂದು ಒಬ್ಬಳು ಬೆರಗಾದಳು.

ಮುಂದೆ ಕೂತಿದ್ದ ಅಜ್ಜಿ ಬೇರೆಯದನ್ನು ಹಿಡಿದಳು. "ಮನೋರಂಜ್ನೆ ಅಂದ್ರೇನ್ರವ್ವ?"

"ಸಿನಿಮಾ, ನಾಟಕ, ಅಂಥದ್ದು."

"ಅದ್ಕೂ ದುಡ್ ಎತ್ತಿಡ್ಬೇಕಾ? ನಮ್ಗೆ ಅವಲ್ದಾರ್ರು ಬತ್ತಾರಲ್ಲ, ಸೀಟಿ ಊದ್ಕಂಡು. ಸಾಕು ಬುಡಿ."

ಜಗಲಿ ನಗೆಯಿಂದ ತುಂಬಿತು. "ಲೇ ಅಜ್ಜಿ, ಸರ್ಕಾರಿ ಕೆಲ್ಸ ಕಣೇ, ನಗ್ಬಾರ್ದು!" ಎಂದು ಗದರಿಸುತ್ತಾ ಹವಾಲ್ದಾರರೇ ಹೆಚ್ಚು ನಕ್ಕರು. ಮರುವಾರದಿಂದ ಕರಪತ್ರವನ್ನು ಕೂರುವುದಕ್ಕೆ ಹಾಸಿಕೊಂಡೆ.

ಗೌರಮ್ಮ ಕೂರುತ್ತಿದ್ದದ್ದು ಕಂಬದ ಹಿಂದೆ. ನನ್ನ ವಯಸ್ಸಿನವಳೇ; ಮೂರು ವರ್ಷದ ಮಗಳಿದ್ದಳು. ಗಂಡ ಮಾದೇಶ ಉತ್ತರದ ಎಲ್ಲೋ ಒಂದು ಪಲ್ಟನ್ನಿನಲ್ಲಿ ಸಿಪಾಯಿ. ಮದುವೆಯಾಗಿ ಐದು ವರ್ಷ. ಅವನ ರಜೆಗಳನ್ನೆಲ್ಲ ಕೂಡಿಸಿದರೆ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ನಾಲ್ಕು ತಿಂಗಳೂ ತುಂಬುವುದಿಲ್ಲ ಎಂದು ಅವಳೇ ಲೆಕ್ಕ ಹೇಳಿದ್ದಳು. ತರಗತಿಯಲ್ಲಿ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ರುಜು ಕಲಿತವಳು ಅವಳು. ರಾತ್ರಿ ಬೀಸಿದ ರಾಗಿ ಹಿಟ್ಟನ್ನು ಮೊರದಲ್ಲಿ ಹರಡಿ ಬೆರಳಲ್ಲಿ ತಿದ್ದುತ್ತಿದ್ದಳಂತೆ.

ಶ್ರಾವಣದಲ್ಲಿ ಒಂದು ದಿನ ಕಾಗದ ಓದಿಸಲು ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಹೊಲದ ಕೆಲಸಕ್ಕೆ ಎಲ್ಲರೂ ಹೋಗಿದ್ದರು. ನಡುಮನೆಯ ದೇವರ ಗೂಡಿನ ಪಕ್ಕ ಗೋಡೆಯಲ್ಲಿ ಮೂರು ಗೂಟ, ಒಂದೊಂದರಲ್ಲೂ ಅರಿಶಿನ ಬಟ್ಟೆಯ ಪುಟ್ಟ ಗಂಟು ತೂಗುತ್ತಿತ್ತು. ಬೆಟ್ಟದ ಮೇಲಿನ ಮಾದಪ್ಪನಿಗೆ ಹರಕೆ ಹೊತ್ತು ದುಡ್ಡು ಕಟ್ಟಿಟ್ಟ ಮುಡಿಪುಗಳು. ಬೆಟ್ಟಕ್ಕೆ ಹೋದಾಗ ಬಿಚ್ಚಿ ಒಪ್ಪಿಸುವವರೆಗೆ ಅವು ದೇವರ ಸೊತ್ತು.

ಕಾಗದ ಓದಿದೆ. ಮಾದೇಶನಿಗೆ ಫ್ಯಾಮಿಲಿ ಕ್ವಾರ್ಟರ್ಸಿನ ಪಟ್ಟಿಯಲ್ಲಿ ಹೆಸರು ಬಂದಿತ್ತು. ದೀಪಾವಳಿಯ ಸುಮಾರಿಗೆ ಮನೆ ಸಿಗುತ್ತದೆ, ಒಂದು ವರ್ಷಕ್ಕೆ. ರೈಲಿನ ಪಾಸು ಸರ್ಕಾರದ್ದು. ಪಾತ್ರೆ, ಹಾಸಿಗೆ, ಚಳಿಯ ಬಟ್ಟೆ, ಮೊದಲ ತಿಂಗಳ ಅಕ್ಕಿಬೇಳೆ ತಮ್ಮದು. ನೂರು ರೂಪಾಯಿಯಾದರೂ ಕೈಯಲ್ಲಿ ಹಿಡಿದುಕೊಂಡು ಬಾ. ಹೇಳಿದ ದಿನಕ್ಕೆ ಬರದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿನವನಿಗೆ ಹೋಗುತ್ತದೆ.

"ಇನ್ನೊಂದ್ಸಲ ಓದಿ" ಎಂದಳು. ಓದಿದೆ. ಮತ್ತೂ ಒಂದು ಸಲ. ಮೂರನೆಯ ಸಲ ಓದುವಾಗ ಅವಳ ತುಟಿ ನನಗಿಂತ ಮೊದಲೇ ಆಡುತ್ತಿತ್ತು.

"ನೂರು ರೂಪಾಯಿ?" ಎಂದು ಕೇಳಿದೆ.

ಅವಳು ಗೂಟಗಳ ಕಡೆ ಗಲ್ಲ ಎತ್ತಿದಳು. "ಮೊದಲ್ನೇದು ಮಾವಂದು, ಎತ್ತಿನ್ ಕಾಲ್ ನೆಟ್ಗಾಗ್ಲಿ ಅಂತ. ಎರಡ್ನೇದು ಅತ್ತೇದು, ಮಂಡಿನೋವ್ಗೆ. ಮೂರ್ನೇದು ನಂದು. ಯುದ್ದದ್ ಕಾಲ್ದಲ್ಲಿ ಅವ್ರು ಬದ್ಕಿ ಬರ್ಲಿ ಅಂತ ಒಂದ್ ರೂಪಾಯಿ ಕಟ್ದೆ. ಆಮ್ಯಾಕೆ ತುಪ್ಪ ಮಾರಿದ್ದು, ಕಳೆ ಕಿತ್ತ ಕೂಲಿ, ರಜಕ್ಕೆ ಬಂದಾಗ ಅವ್ರು ಕೊಟ್ಟದ್ದು, ಎಲ್ಲಾನೂ ಅದ್ರೊಳಕೇ ಸೇರುಸ್ದೆ. ನೂರಾ ಹದಿನಾಲ್ಕದೆ."

"ಮನೆಯಲ್ಲಿ ಯಾರೂ ಬಿಚ್ಚಿ ನೋಡಿಲ್ಲವೆ?"

"ಮಾದಪ್ಪನ ಮುಡಿಪ ಯಾರ್ ಮುಟ್ಟಾರು?"

"ಹಾಗಾದರೆ ಅದು ದೇವರ ದುಡ್ಡಾಯಿತಲ್ಲ. ನೀನು ಹೇಗೆ ತೆಗೆದುಕೊಳ್ಳುತ್ತೀ?"

ಇಷ್ಟು ಓದಿ ಇಷ್ಟೂ ತಿಳಿಯದೆ ಎಂಬಂತೆ ನನ್ನನ್ನು ನೋಡಿದಳು. "ಬೆಟ್ಟುಕ್ಕೋಗಿ ಬಿಚ್ಚುದ್ರೆ ಸ್ವಾಮಿ ತನ್ ಪಾಲ ತಕ್ಕತಾನೆ. ಮಿಕ್ಕದ್ದು ಪರ್ಸಾದ."

ನನಗೆ ಅದು ಒಪ್ಪಿಗೆಯಾಗಲಿಲ್ಲ. ದೇವರ ಬಗ್ಗೆ ನನ್ನ ತಕರಾರಿರಲಿಲ್ಲ, ಬಡ್ಡಿಯ ಬಗ್ಗೆ ಇತ್ತು. ಗೂಟದಲ್ಲಿರುವ ದುಡ್ಡು ಬೆಳೆಯುವುದಿಲ್ಲ, ಇಲಿ ಕಡಿದರೆ ಕೇಳುವವರಿಲ್ಲ, ಅಂಚೆ ಕಚೇರಿಯಲ್ಲಿಟ್ಟರೆ ನಿನ್ನ ಹೆಸರು, ನಿನ್ನ ರುಜು ಎಂದೆಲ್ಲ ಹೇಳಿದೆ. ಕಲಿತದ್ದನ್ನೆಲ್ಲ ಹೇಳಿದೆ.

"ಮರಿ ಆಕ್ತದಾ ದುಡ್ಡು?"

"ನಿಧಾನವಾಗಿ."

ಮೂರನೆಯ ಗಂಟನ್ನು ಒಮ್ಮೆ ನೋಡಿ ಕೇಳಿದಳು: "ನಿಮ್ ಪುಸ್ತಕ ಅದಾ?"

"ಇದೆ. ಮೈಸೂರಿನಲ್ಲಿದೆ."

ಆ ವರ್ಷ ನಾನು ಆಡಿದ ಸುಳ್ಳು ಅದೊಂದೇ. ಬೇಕೆಂದು ಆಡಿದ್ದಲ್ಲ, ಪ್ರಶ್ನೆಯಷ್ಟೇ ಸಹಜವಾಗಿ ಉತ್ತರವೂ ಬಂದುಬಿಟ್ಟಿತು.

ಮುಂದಿನ ಸೋಮವಾರ ತಲೆಗೆ ನೀರು ಹಾಕಿಕೊಂಡು, ದೇವರ ಅಪ್ಪಣೆ ಕೇಳಿ ಅವಳು ಮೂರನೆಯ ಗಂಟನ್ನು ಬಿಚ್ಚಿದಳು. ಹತ್ತು ದಿನದಲ್ಲಿ ಪುಸ್ತಕ ಬಂತು.

ತಪ್ಪು ಮಾಡಿದ್ದು ಆಮೇಲೆ, ನಾನೇ. ಶನಿವಾರದ ತರಗತಿಯಲ್ಲಿ ಗೌರಮ್ಮನ ಪುಸ್ತಕವನ್ನು ಕೇಳಿ ಪಡೆದು ಎತ್ತಿ ಹಿಡಿದೆ. ಶಾಗ್ಯದ ಮೊದಲ ಪುಸ್ತಕ ಇದು, ಇದರಲ್ಲಿ ನೂರ ಹದಿಮೂರು ರೂಪಾಯಿ ಇದೆ, ಎಲ್ಲ ಇವಳು ಒಬ್ಬಳೇ ಕೂಡಿಸಿದ್ದು ಎಂದೆ. ಮುಡಿಪಿನ ಮೊದಲ ರೂಪಾಯಿಯನ್ನು ಅವಳು ದೇವರಿಗೆಂದು ಬೇರೆ ಇಟ್ಟಿದ್ದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಅಜ್ಜಿ ಪುಸ್ತಕವನ್ನು ತಿರುಗಿಸಿ ಮುರುಗಿಸಿ, "ಇಷ್ಟ್ ತೆಳ್ಳಗದೆ, ನೂರ್ ರೂಪಾಯಿ ಎಲ್ ಕುಂತದೆ?" ಎಂದಳು. ಗೌರಮ್ಮ ಕಂಬದ ಹಿಂದಿನಿಂದ ಮುಂದೆ ಬರಲಿಲ್ಲ. ನಾಚಿಕೆ ಎಂದುಕೊಂಡೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅವಳ ಮಾವ ಶಿವಮಲ್ಲಪ್ಪನವರು ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು. ಅವರು ಹಿಗ್ಗಿಹೋದರು. ಸೊಸೆ ಎಂದರೆ ಇಂಥವಳಿರಬೇಕು ಎಂದು ಹೊಟೇಲಿನ ಮುಂದೆ ನಾಲ್ಕು ಜನಕ್ಕೆ ಚಹಾ ಕುಡಿಸಿದರು. ಪಕ್ಕದ ಹೊಲದವರ ಜೊತೆ ಸೇರಿ ಬಾವಿಯಿಂದ ನೀರೆತ್ತುವ ಎಂಜಿನ್ನು ತರಬೇಕೆಂದು ಎರಡು ವರ್ಷದಿಂದ ಮಾತಾಗುತ್ತಿತ್ತು. ಮುಂಗಡಕ್ಕೆ ನೂರು ರೂಪಾಯಿ ಮನೆಯಲ್ಲೇ ಇದೆ ಎಂದು ಅವತ್ತೇ ಸಾರಿಬಿಟ್ಟರು.

ಮರುವಾರ ತರಗತಿ ಮುಗಿದು ಎಲ್ಲರೂ ಎದ್ದ ಮೇಲೆ ಗೌರಮ್ಮ ಬಂದಳು. ಅತ್ತಿರಲಿಲ್ಲ. ಒಂದೇ ಸ್ವರದಲ್ಲಿ ಹೇಳಿದಳು: "ದೇವ್ರತ್ರ ಇದ್ದಾಗ ಯಾರೂ ಕೇಳಿರ್ನಿಲ್ಲ ಕಣ್ರವ್ವ. ನಿಮ್ ಪೋಸ್ಟಾಪೀಸ್ಗೆ ಬಂತು, ಎಲ್ರಿಗೂ ಕಾಣ್ತು."

"ನೀನು ರುಜು ಹಾಕದೆ ಯಾರೂ ತೆಗೆಯುವ ಹಾಗಿಲ್ಲ. ಕಾನೂನೇ ಹಾಗಿದೆ."

"ಮಾವ ಮುಂದ್ ನಿಂತ್ಕಂಡು, ಆಕವ್ವ ಸೈನ, ಅಂತ ನಗ್ನಗ್ತಾ ಏಳುದ್ರೆ, ಆಕ್ನಿಲ್ಲ ಅನ್ನಾಕಾದದಾ? ನೀವ್ ಅಂದೀರಾ ನಿಮ್ಮಪ್ಪನ್ಗೆ?"

ಕ್ವಾರ್ಟರ್ಸಿನ ಕಾಗದದ ವಿಷಯ ಮಾವನಿಗೆ ತಿಳಿಸಿದ್ದೀಯಾ ಎಂದೆ. ಪುಸ್ತಕ ಕೈಗೆ ಬಂದ ಮೇಲೆ ತಿಳಿಸೋಣವೆಂದಿದ್ದೆ, ಎಂಜಿನ್ನಿನ ಮಾತು ಊರಿಗೆಲ್ಲ ಆದ ಮೇಲೆ ಹೇಗೆ ತಿಳಿಸಲಿ ಎಂದಳು. ಬರುವ ಸೋಮವಾರ ಅವಳನ್ನು ಅಂಚೆ ಕಚೇರಿಗೆ ಕರೆದೊಯ್ಯುತ್ತಾರಂತೆ.

ಅವತ್ತು ಬಸ್ಸಿಗೆ ನಡೆಯುವಾಗ ಮಳೆ ಹಿಡಿಯಿತು. ಭಾದ್ರಪದದ ಮೊದಲ ಮಳೆ. ಜೋಳದ ಹೊಲ ಒಂದೇ ಸಲ ಕಪ್ಪಾಯಿತು. ಕೊಡೆ ಕಂಕುಳಲ್ಲೇ ಇತ್ತು, ಬಿಚ್ಚಬೇಕೆಂದು ತೋಚಲಿಲ್ಲ. "ಇದು ರೂಲ್ ಬುಕ್ಕಲ್ಲಿಲ್ಲ ಸಾ" ಎಂದರು, ಗೌರಮ್ಮನ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದ್ದ ಹವಾಲ್ದಾರರು. ನನ್ನದಲ್ಲದ ಗುಟ್ಟನ್ನು ನಾನು ಎತ್ತಿ ತೋರಿಸಿದ್ದೆ. ಯಾರಾದರೂ ನನ್ನದನ್ನು ಹಾಗೆ ಎತ್ತಿ ತೋರಿಸಿದ್ದರೆ ಆ ಊರಿಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶಿವಮಲ್ಲಪ್ಪನವರು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಹಣೆಯ ವಿಭೂತಿ ಮಳೆಗೆ ಅರ್ಧ ಕರಗಿತ್ತು. ಕೊಡೆಯನ್ನು ಹೊಸ್ತಿಲಿಗೆ ಒರಗಿಸಿ, ಕುರ್ಚಿ ಬೇಡವೆಂದು ಗೋಡೆಗೆ ಆತು ಕುಕ್ಕುರುಗಾಲಲ್ಲಿ ಕೂತರು.

"ಅಮ್ಮಾವ್ರೆ, ಒಂದ್ ಮಾತ್ ಕೇಳ್ತೀನಿ. ಓದ್ದೋರು, ಸುಳ್ ಏಳ್ಬಾರ್ದು."

ಹೇಳಿ ಎಂದೆ.

"ಬೆಳಿಗ್ಗೆ ಎದ್ದು ದೇವ್ರಿಗ್ ಕೈ ಮುಗ್ಯಾಕ್ ಓಯ್ತೀನಿ, ಮೂರ್ನೇ ಗೂಟದಲ್ಲಿ ಮತ್ತೆ ಮುಡಿಪು ನೇತಾಡ್ತಾ ಅದೆ! ಅದೂ ಎಂಗೆ? ಚೌಕವಾಗಿ! ಮುಡಿಪು ಅಂದ್ರೆ ದುಂಡಗಿರ್ತದೆ ಅಮ್ಮಾವ್ರೆ. ನಮ್ ತಾತನ್ ಕಾಲ್ದಿಂದ ದುಂಡಗೇ ಇರಾದು. ಮುಟ್ಟಾಕಾಗದಿಲ್ಲ, ಮುಟ್ದೆ ಸುತ್ತಾಮುತ್ತ ನೋಡ್ದೆ. ಪೋಸ್ಟಾಪೀಸ್ ಪುಸ್ತಕ! ಏನವ್ವ ಇದು ಅಂತ ಸೊಸೆಯ ಕೇಳುದ್ರೆ, 'ಸ್ವಾಮೀದು ಮಾವ' ಅಂತಾಳೆ. ಅಷ್ಟೇಯ. ಇನ್ ಮಾತಿಲ್ಲ. ಇದ ನೀವ್ ಏಳ್ಕೊಟ್ರಾ?"

"ಇಲ್ಲ."

"ಅವಲ್ದಾರ, ನೀನಾ?"

"ಇಂಥ ಬುದ್ಧಿ ನಂಗಿದ್ದಿದ್ರೆ ಸುಬೇದಾರ ಆಗಿ ಬತ್ತಿದ್ದೆ ಕಣಣ್ಣ" ಎಂದರು ಹವಾಲ್ದಾರರು.

ಶಿವಮಲ್ಲಪ್ಪನವರಿಗೆ ನಗು ಬರಲಿಲ್ಲ. "ಸರಿ. ಈಗ ಏಳಿ. ಆ ದುಡ್ಡು ಸೊಸೇದಾ, ಸ್ವಾಮೀದಾ?"

ಸೊಸೆಯದೆಂದರೆ ಇವತ್ತೇ ಬಟ್ಟೆ ಬಿಚ್ಚುತ್ತಾರೆ. ಸ್ವಾಮಿಯದೆಂದರೆ ನಾನು ಸುಳ್ಳಾಡಿದಂತೆ. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ಹಾಕಿದೆ.

"ಪುಸ್ತಕದೊಳಗೆ ಬರೆದಿರುವ ಹೆಸರು ಗೌರಮ್ಮನದು. ಅವಳ ರುಜು ಇಲ್ಲದೆ ಒಂದು ಪೈಸೆ ಹೊರಗೆ ಬರುವುದಿಲ್ಲ. ಮೇಲಿನ ಬಟ್ಟೆ ಯಾರದೆಂದು ನನಗೆ ಗೊತ್ತಿಲ್ಲ. ಅದು ನಿಮಗೆ ಗೊತ್ತು."

ಕೊಡೆಯಿಂದ ನೀರು ಹರಿದು ಹೊಸ್ತಿಲು ದಾಟಿ ಒಳಗೆ ಬಂತು. ಅವರು ಅದನ್ನೇ ನೋಡುತ್ತಾ ಕೂತಿದ್ದರು.

"ಬಟ್ಟೆ ಸ್ವಾಮೀದು" ಎಂದರು ಕೊನೆಗೆ. "ಅದ ಬಿಚ್ಚಾದು ನನ್ ಕೈಲಾಗದಿಲ್ಲ. ಆದ್ರೆ ಅಮ್ಮಾವ್ರೆ, ಆ ಮಗಿಗೆ ಅಷ್ಟ್ ದುಡ್ ಯಾಕೆ? ಕೇಳಿದ್ದ ನಾನ್ ಕೊಡ್ಸಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಹವಾಲ್ದಾರರು, "ಕ್ವಾಟ್ರಸ್ ಬಂದದಲ್ಲಣ್ಣ ನಿನ್ ಮಗನ್ಗೆ! ದೀಪಾವಳೀಗೆ ಎಂಡ್ತಿ ಓಗ್ನಿಲ್ಲ ಅಂದ್ರೆ ಮನೆ ಇನ್ನೊಬ್ನಿಗೆ ಓಯ್ತದೆ" ಎಂದುಬಿಟ್ಟರು. ಆ ವರ್ಷ ನಾನು ಹೇಳಬಾರದೆಂದು ಹಲ್ಲುಕಚ್ಚಿದ್ದ ಮಾತನ್ನು ಇನ್ನೊಬ್ಬರು ಆಡಿ ಉಪಕಾರವಾದದ್ದು ಆಗಲೇ.

"ಯಾವಾಗ್ ಬಂತು ಕಾಗ್ದ?"

"ಶ್ರಾವಣದಲ್ಲಿ" ಎಂದೆ.

"ನಂಗ್ಯಾಕ್ ಏಳ್ನಿಲ್ಲ?"

"ಎಂಜಿನ್ನಿನ ವಿಷಯ ನೀವು ಊರಿಗೆಲ್ಲ ಹೇಳಿ ಆಗಿತ್ತು."

ಅವರು ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಕ್ವಾರ್ಟರ್ಸು ಎಂದರೆ ಹೇಗಿರುತ್ತದೆ, ಅಲ್ಲಿ ರಾಗಿ ಸಿಗುತ್ತದಾ, ಇಲ್ಲಿಯವರೆಗೆ ಮಗ ತಾನೇ ಬೇಯಿಸಿಕೊಂಡು ತಿನ್ನುತ್ತಿದ್ದನಾ ಎಂದೆಲ್ಲ ಕೇಳಿದರು. ಎರಡು ಕೋಣೆ, ನಲ್ಲಿ ನೀರು, ರಾಗಿ ಮಾತ್ರ ಸಿಗದು ಎಂದು ಹವಾಲ್ದಾರರು ನೆಲದ ಮೇಲೆ ಬೆರಳಲ್ಲಿ ನಕ್ಷೆ ಬರೆದು ತೋರಿಸಿದರು. ಏಳುವಾಗ ಶಿವಮಲ್ಲಪ್ಪನವರ ಮುಖದಲ್ಲಿ ಮೊದಲ ಸಲ ನಗು ಕಂಡಿತು.

"ಚೌಕದ ಮುಡಿಪು! ನಮ್ಮನೆಯೊಳ್ಗೆ ಇದ್ಕಂಡು ನನ್ಗೇ ಗೂಟ ಒಡುದ್ಲು ನೋಡಿ. ಆಗ್ಲಿ. ಸ್ವಾಮಿ ಪಾಲು ಸ್ವಾಮಿಗೆ ಸಲ್ಬೇಕು. ಬೆಟ್ಟುಕ್ಕೆ ನಾನೇ ಕರ್ಕಂಡ್ ಓಯ್ತೀನಿ. ಮಿಕ್ಕದ್ದು ಪರ್ಸಾದ, ಅದ ಮಗನ್ ಮನೆಗ್ ತಕ್ಕೊಂಡೋಗ್ಲಿ."

ಹಾಗೇ ಆಯಿತು. ಪುಸ್ತಕ ಸಾಯಬಾರದೆಂದು ಎರಡು ರೂಪಾಯಿ ಬಿಟ್ಟು ಉಳಿದದ್ದನ್ನು ಗೌರಮ್ಮ ತೆಗೆದಳು. ರುಜು ಹಾಕುವಾಗ ಮಾವ ಪಕ್ಕದಲ್ಲಿ ನಿಂತು ಅಕ್ಷರ ಚೆನ್ನಾಗಿದೆ ಎಂದರಂತೆ. ದುಡ್ಡನ್ನು ದುಂಡಗೆ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ಬಂದರು. ಎಂಜಿನ್ನು ಮುಂದಿನ ವರ್ಷ ಬಂತೆಂದು ಕೇಳಿದೆ. ಅದರ ಮುಂಗಡ ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ.

ಆಶ್ವಯುಜದಲ್ಲಿ ಮಳೆ ಚೆನ್ನಾಗಿ ಹಿಡಿದುಕೊಂಡಿತು. ಅವರೆ ಬಳ್ಳಿ ಜೋಳದ ದಂಟಿಗೆ ಸುತ್ತಿಕೊಂಡಿತು. ಶಾಗ್ಯದಲ್ಲಿ ಹನ್ನೊಂದು ಪುಸ್ತಕಗಳಾದವು. ಹನ್ನೊಂದನ್ನೂ ಅರಿಶಿನ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿದರು. ಮಧುವನಹಳ್ಳಿಗೂ ಸುದ್ದಿ ಮುಟ್ಟಿತು. ಮುಡಿಪು ದುಂಡಗೇ ಇರಬೇಕೆಂದು ಕೆಲವರು ಪುಸ್ತಕವನ್ನು ಸುರುಳಿ ಸುತ್ತುತ್ತಿದ್ದರು. ರಟ್ಟು ಮುರಿಯುತ್ತದೆ, ಚೌಕವಾಗಿಯೇ ಕಟ್ಟಿ ಎಂದು ಹೇಳಿಕೊಟ್ಟೆ. ಆ ವರ್ಷದ ನನ್ನ ಪಾಠಗಳಲ್ಲಿ ಕರಪತ್ರದಲ್ಲಿಲ್ಲದ್ದು ಅದೊಂದೇ, ಎಲ್ಲರೂ ತಪ್ಪದೆ ಪಾಲಿಸಿದ್ದೂ ಅದೊಂದೇ. ಯಾರ ಪುಸ್ತಕವನ್ನೂ ಮತ್ತೆ ಎತ್ತಿ ತೋರಿಸಲಿಲ್ಲ.

ದೀಪಾವಳಿಗೆ ಎಂಟು ದಿನ ಮುಂಚೆ ಗೌರಮ್ಮ ಹೊರಟಳು. ಮೈಸೂರಿನವರೆಗೆ ಮಾವ, ಅಲ್ಲಿಂದ ರಜೆ ಮುಗಿಸಿ ಹೋಗುತ್ತಿದ್ದ ಅದೇ ಪಲ್ಟನ್ನಿನ ಒಬ್ಬ ಸಿಪಾಯಿ ಮತ್ತು ಅವನ ಹೆಂಡತಿ ಜೊತೆಗಿದ್ದರು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಶಿವಮಲ್ಲಪ್ಪನವರು ರಾಗಿ ಹಿಟ್ಟಿನ ಚೀಲವನ್ನು ಬಸ್ಸಿನ ಮೇಲಕ್ಕೆ ಹಾಕಿಸುತ್ತಾ ಕೂಗಾಡುತ್ತಿದ್ದರು: "ಮೆತ್ತುಗ್ ಇಡ್ಲಾ, ಡೆಲ್ಲಿ ದಾಟ್ಬೇಕು ಅದು!" ಡೆಲ್ಲಿ ದಾಟಬೇಕಿಲ್ಲ ಎಂದು ನಾನು ತಿದ್ದಲಿಲ್ಲ.

ಗೌರಮ್ಮ ಹೊಸ ಟ್ರಂಕಿನ ಮೇಲೆ ಮಗಳನ್ನು ಕೂರಿಸಿ ನನ್ನ ಬಳಿಗೆ ಬಂದಳು. ಸೊಂಟದಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ಗೇಣಗಲದ ಬಿಳಿ ಬಟ್ಟೆ, ಅರಿಶಿನದಲ್ಲಿ ಅದ್ದಿದ್ದು. ಇನ್ನೂ ಸ್ವಲ್ಪ ಹಸಿಯಾಗಿತ್ತು.

"ಮೈಸೂರಲ್ಲಿರೋ ನಿಮ್ ಪುಸ್ತಕುಕ್ಕೆ" ಎಂದಳು.

ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ಗಂಭೀರವಾಗಿರಲಿಲ್ಲ. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಅವಳು ಮಗಳನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಲಿಲ್ಲ. ಆಗಲೇ ಮುಂದಿನ ದಾರಿಯ ಕಡೆ ತಿರುಗಿದ್ದಳು.

ಮಾರನೆಯ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆಗೆಯುವ ಮುನ್ನ ಅಂಚೆ ಕಚೇರಿಗೆ ಹೋದೆ. ವಾರಕ್ಕೊಮ್ಮೆ ನಾನು ಬಂದು ಕಟ್ಟುಗಟ್ಟಲೆ ಫಾರಂ ಒಯ್ಯುವುದು ಅಲ್ಲಿಯ ಗುಮಾಸ್ತರಿಗೆ ರೂಢಿಯಾಗಿತ್ತು. ನನ್ನನ್ನು ಕಂಡೊಡನೆ ಕಪಾಟಿಗೆ ಕೈ ಹಾಕಿ, "ಯಾವೂರಿಗೆ ಮೇಡಂ ಇವತ್ತು? ಎಷ್ಟ್ ಬೇಕು?" ಎಂದು ಕೇಳಿದರು.

"ಒಂದು" ಎಂದೆ.

ಐದು ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟು, ಹೆಸರಿನ ಸಾಲಿನಲ್ಲಿ ನನ್ನ ಹೆಸರನ್ನು, ಗೌರಮ್ಮನಿಗೆ ಕಲಿಸಿದ ಹಾಗೆಯೇ, ಒಂದೊಂದೇ ಅಕ್ಷರ ಬಿಡಿಸಿ ಬರೆದೆ.